ದೊಡ್ಡಪ್ಪನಿಗೆ ಹೊಸ ಚಿಪ್

ನಮ್ಮ ಮನೆಯಲ್ಲಿ ಅಭಿನಯ ಬಾರದವಳು ನಾನೊಬ್ಬಳೇ. ಮದುವೆಯಾಗಿ ಬಂದ ಹೊಸತರಲ್ಲಿ ನನ್ನನ್ನೂ ಒಮ್ಮೆ ರಂಗದ ಮೇಲೆ ಹತ್ತಿಸಿದ್ದರು. ತಟ್ಟೆ ಹಿಡಿದು ಒಳಗೆ ಬರುವುದು, ಅದನ್ನು ಮೇಜಿನ ಮೇಲಿಟ್ಟು ಹೊರಗೆ ಹೋಗುವುದು, ಇಷ್ಟೇ ಪಾತ್ರ. ನಾನು ಬಂದೆ, ಇಟ್ಟೆ, ಹೋಗುವುದನ್ನು ಮರೆತು ಅಲ್ಲೇ ನಿಂತೆ. ಅಂದಿನಿಂದ ನನಗೆ ಬೆಳಕಿನ ಕೆಲಸ. ಅದರಲ್ಲಿ ನನ್ನನ್ನು ಮೀರಿಸುವವರು ಯಾರೂ ಇಲ್ಲ. ಈ ಮಾತನ್ನು ಬೇರೆಯವರು ಹೇಳಲಿ ಎಂದು ಕಾಯುತ್ತಾ ಕೂತರೆ ಮುಗಿಯುವುದಿಲ್ಲ, ಅದಕ್ಕೆ ನಾನೇ ಹೇಳಿಕೊಳ್ಳುತ್ತೇನೆ.

ನಮ್ಮ ನಾಟಕಶಾಲೆ ಚಿಕ್ಕದು. ಹಿಂದೆ ಅದು ಟೈರು ತುಂಬಿಡುವ ಗೋದಾಮಾಗಿತ್ತು. ಬೇಸಿಗೆಯಲ್ಲಿ ಗೋಡೆ ಕಾದರೆ ಇವತ್ತಿಗೂ ರಬ್ಬರಿನ ವಾಸನೆ ಬರುತ್ತದೆ. ಮಾವ ಅದನ್ನು ಹಿಡಿದು, ಒಂದು ತುದಿಗೆ ಹಲಗೆ ಹೊಡೆಸಿ ರಂಗ ಮಾಡಿದರು. ಮುಚ್ಚಿಹೋದ ಚಿತ್ರಮಂದಿರವೊಂದರ ಕುರ್ಚಿಗಳನ್ನು ತಂದು ಹಾಕಿಸಿದರು. ಮಾವ ಈಗಿಲ್ಲ. ನಾಟಕ ಆಡಿಸುವವರು ನನ್ನ ಗಂಡ, ಸೆಟ್ಟಿನ ಮರಗೆಲಸವೂ ಅವರದೇ. ಮೈದುನ ಹಗಲು ಹೊತ್ತು ರೇಡಿಯೊ, ಟಿವಿ, ಹಳೆಯ ಕಂಪ್ಯೂಟರ್ ರಿಪೇರಿ ಮಾಡುವ ಅಂಗಡಿಯಲ್ಲಿ ಕೂರುತ್ತಾನೆ, ಸಂಜೆಯಾದರೆ ಉಳಿದ ಸಣ್ಣಪುಟ್ಟ ಪಾತ್ರಗಳನ್ನೆಲ್ಲ ಮೀಸೆ ಬದಲಾಯಿಸಿ ಬದಲಾಯಿಸಿ ಅವನೇ ಮಾಡುತ್ತಾನೆ. ಇನ್ನು ಅತ್ತೆ. ಜನ ಬರುವುದು ಅತ್ತೆಯನ್ನು ನೋಡಲು. ಮಾವ ಅವರಿಗಾಗಿಯೇ ಬರೆದ ನಾಟಕವೊಂದಿದೆ; ವಸತಿಗೃಹ ನಡೆಸುವ ಮುದುಕಿಯೊಬ್ಬಳ ಕಥೆ. ಪ್ರತಿ ವರ್ಷ ಅದನ್ನೇ ಆಡುತ್ತೇವೆ, ಪ್ರತಿ ವರ್ಷ ಕುರ್ಚಿಗಳು ತುಂಬುತ್ತವೆ. ಆ ಮುದುಕಿಯ ಪಾತ್ರವನ್ನು ಇದುವರೆಗೆ ಬೇರೆ ಯಾರೂ ಮಾಡಿಲ್ಲ.

ರಂಗದ ಬೆಳಕನ್ನು ನಡೆಸುವುದು ಒಂದು ಕಂಪ್ಯೂಟರ್. ನಾನು ಹುಡುಗಿಯಾಗಿದ್ದಾಗ ಅಪ್ಪ ಕೊಡಿಸಿದ್ದು. ಕೀಬೋರ್ಡೇ ಅದರ ಮೈ. ಟಿವಿಗೆ ಸಿಕ್ಕಿಸಿದರೆ ಅದೇ ಪರದೆ. ಪಕ್ಕದಲ್ಲಿ ಬ್ರೆಡ್ಡಿನ ಡಬ್ಬದಷ್ಟು ದಪ್ಪದ ಫ್ಲಾಪಿ ಡ್ರೈವ್. ಮನೆಯಲ್ಲಿ ಮಕ್ಕಳು ಆಟವಾಡಲಿ, ಲೆಕ್ಕ ಕಲಿಯಲಿ ಎಂದು ಮಾಡಿದ ಯಂತ್ರ. ಮದುವೆಯಾದಾಗ ಅದನ್ನು ಮಡಿಲಲ್ಲಿಟ್ಟುಕೊಂಡೇ ತವರಿನಿಂದ ಬಂದೆ. ಮೈದುನ ಅದಕ್ಕೂ ದೀಪಗಳಿಗೂ ನಡುವೆ ಒಂದು ಪೆಟ್ಟಿಗೆ ಮಾಡಿಕೊಟ್ಟ, ಪ್ರೋಗ್ರಾಂ ನಾನೇ ಬರೆದೆ. ಏನು ಕೇಳಿದರೂ ಅದು ಮೊದಲು ಗಂಟಲು ಸರಿಮಾಡಿಕೊಳ್ಳುತ್ತದೆ: ಕರ್ರ್, ಕರ್ರ್, ಟಕ್. ಆಮೇಲೆ ಉತ್ತರ. ನಮ್ಮ ದೊಡ್ಡಪ್ಪ ಒಬ್ಬರು ಹೀಗೇ ಇದ್ದರು, ಊಟ ಆಯಿತಾ ಎಂದು ಕೇಳಿದರೂ ಗಂಟಲು ಸರಿಮಾಡಿಕೊಳ್ಳದೆ ಬಾಯಿ ಬಿಡುತ್ತಿರಲಿಲ್ಲ. ಹಾಗಾಗಿ ದೊಡ್ಡಪ್ಪ ಎಂಬ ಪಟ್ಟ ಯಂತ್ರಕ್ಕೂ ಬಂತು.

ಕೆಲಸ ನಡೆಯುತ್ತಿದ್ದದ್ದು ಹೀಗೆ. ಒಂದೊಂದು ದೃಶ್ಯದ ಬೆಳಕು ಫ್ಲಾಪಿಯಲ್ಲಿ ಬರೆದಿರುತ್ತದೆ. ದೃಶ್ಯ ಮುಗಿದಾಗ ನಾನು ಟಿವಿಯನ್ನೂ ಆರಿಸಿ ಪೂರ್ತಿ ಕತ್ತಲು ಮಾಡಿ ಒಂದು ಕೀಲಿ ಒತ್ತುತ್ತೇನೆ. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು ಫ್ಲಾಪಿಯಲ್ಲಿ ಮುಂದಿನ ದೃಶ್ಯವನ್ನು ಹುಡುಕಿ ತರುತ್ತಾನೆ, ದೀಪ ಹತ್ತುತ್ತದೆ. ಆ ನಡುವಿನ ಕತ್ತಲಲ್ಲಿ ನಟರು ತಮ್ಮ ತಮ್ಮ ಜಾಗ ಸೇರಿಕೊಳ್ಳಬೇಕು. ಅತ್ತೆಯ ಜಾಗ ಒಂದು ಕುರ್ಚಿ. ಹಿಂದಿನ ಬಾಗಿಲಿನಿಂದ ಬಂದು, ಮೇಜು ಸ್ಟೂಲುಗಳನ್ನು ದಾಟಿ, ರಂಗದ ಮುಂದಿನ ಮೂಲೆಯ ಆ ಕುರ್ಚಿಯಲ್ಲಿ ಕೂರಬೇಕು. ಆ ಮೂಲೆಯ ಕೆಳಗೇ ನನ್ನ ಟೇಬಲ್ಲು. ವೈರು ಅದಕ್ಕಿಂತ ಆಚೆ ಮುಟ್ಟುತ್ತಿರಲಿಲ್ಲ. ಪ್ರತಿ ದೃಶ್ಯದಲ್ಲೂ ದೀಪ ಹತ್ತಿದಾಗ ಮುದುಕಿ ಅಲ್ಲಿ ಕೂತಿರಬೇಕು ಎಂದು ಮಾವ ಬರೆದಿಟ್ಟಿದ್ದಾರೆ.

ಅತ್ತೆಗೆ ಇರುಳುಗಣ್ಣು. ಹಗಲಲ್ಲಿ ನನಗಿಂತ ಮೊದಲು ಸೂಜಿಗೆ ದಾರ ಪೋಣಿಸುತ್ತಾರೆ, ಬೆಳಕು ಹೋದರೆ ಮುಗಿಯಿತು, ಎದುರಿನ ಗೋಡೆಯೂ ಕಾಣದು. ಕಣ್ಣಿನ ಡಾಕ್ಟರು ಇದು ವಾಸಿಯಾಗುವುದಲ್ಲ ಎಂದ ದಿನ ನನ್ನ ಗಂಡ ಪಾತ್ರ ಬಿಡಿ ಎಂದು ಪಟ್ಟು ಹಿಡಿದರು. ಹೊಳೆಯುವ ಟೇಪನ್ನು ನೆಲಕ್ಕೆ ಅಂಟಿಸಿ ನೋಡಿದರು. ಅತ್ತೆಗೆ ಅದೂ ಕಾಣಲಿಲ್ಲ. ಹಾಗೆಂದು ಒಪ್ಪಿಕೊಳ್ಳದೆ, ಕಾಲಿಗೆ ಅಂಟುತ್ತದೆ ಎಂದು ಕಿತ್ತೆಸೆದರು. ತಾಯಿ ಮಗ ಇಬ್ಬರೂ ಒಂದೇ ಅಚ್ಚು. ಕೊನೆಗೆ ಅತ್ತೆಯೇ ಕಡ್ಡಿ ಮುರಿದಂತೆ ಹೇಳಿದರು.

"ದೀಪ ಹತ್ತಿದಾಗ ಒಂದೇ ಒಂದು ಸಲ ನಾನು ಆ ಕುರ್ಚಿಯಲ್ಲಿ ಇರಲಿಲ್ಲ ಅಂದ್ರೆ, ಅವತ್ತೇ ಬಣ್ಣ ಒರೆಸಿಬಿಡ್ತೀನಿ. ಅಲ್ಲೀವರೆಗೆ ಯಾರೂ ನನ್ನ ತಲೆ ತಿನ್ನಬೇಡಿ."

ಆಮೇಲೆ ಎಷ್ಟೋ ವರ್ಷ ಕಳೆದವು. ಒಂದು ಸಲವೂ ಅವರು ತಪ್ಪಲಿಲ್ಲ. ಅಭ್ಯಾಸಬಲ ಎಂದುಕೊಂಡೆವು. ನನ್ನ ಗಂಡ ಮಾತ್ರ ಪ್ರತಿ ಕತ್ತಲಿಗೂ ಪಕ್ಕದ ಪರದೆಯ ಹಿಂದೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು.

ಹೋದ ವರ್ಷ ಬೇರೆಯೇ ಎಡವಟ್ಟಾಯಿತು. ಮೂರನೇ ದೃಶ್ಯಕ್ಕೆ ಫ್ಲಾಪಿ ಓದಿಸಿಕೊಳ್ಳಲೇ ಇಲ್ಲ. ದೊಡ್ಡಪ್ಪ ಕರ್ರ್ ಕರ್ರ್ ಎನ್ನುತ್ತಲೇ ಇದ್ದ, ರಂಗ ಕತ್ತಲಾಗಿಯೇ ಉಳಿಯಿತು. ನಾಟಕ ಮುಗಿಯಿತೆಂದುಕೊಂಡು ಜನ ಚಪ್ಪಾಳೆ ತಟ್ಟಿದರು, ಒಂದಿಬ್ಬರು ಎದ್ದು ಚೀಲ ಹುಡುಕಿಕೊಂಡರು. ನಾನು ತಂತಿ ಕಿತ್ತು ಕೈಯಿಂದಲೇ ದೀಪ ಹಾಕಿದೆ. ಈಗ ಹೊಸ ಫ್ಲಾಪಿ ಎಲ್ಲಿಯೂ ಸಿಗುವುದಿಲ್ಲ, ಸಿಕ್ಕ ಹಳೆಯವಕ್ಕೆಲ್ಲ ಬೂಷ್ಟು ಹಿಡಿದಿರುತ್ತದೆ.

ಮೈದುನ ಇದೇ ಸಮಯ ಕಾಯುತ್ತಿದ್ದ. ದೊಡ್ಡಪ್ಪನ ಆಪರೇಟಿಂಗ್ ಸಿಸ್ಟಂ ಬದಲಾಯಿಸೋಣ ಎಂದು ಕೈತೊಳೆದುಕೊಂಡು ನನ್ನ ಬೆನ್ನು ಹತ್ತಿದ. ಆಪರೇಟಿಂಗ್ ಸಿಸ್ಟಂ ಎಂದರೆ, ಯಾವ ಕೆಲಸವನ್ನು ಹೇಗೆ ಮಾಡಬೇಕೆಂದು ಯಂತ್ರಕ್ಕೆ ಒಳಗಿನಿಂದ ಹೇಳಿಕೊಡುವ ಮೂಲ ಪ್ರೋಗ್ರಾಂ. ಈಗಿನ ಕಂಪ್ಯೂಟರುಗಳಲ್ಲಿ ಅದು ತನ್ನಷ್ಟಕ್ಕೆ ತಾನೇ ಬದಲಾಗುತ್ತಿರುತ್ತದೆ. ದೊಡ್ಡಪ್ಪನ ಕಾಲದವುಗಳಲ್ಲಿ ಹಾಗಲ್ಲ, ಅದು ಒಂದು ಚಿಪ್ಪಿನಲ್ಲಿ ಶಾಶ್ವತವಾಗಿ ಕೂತಿರುತ್ತದೆ. ಬದಲಾಯಿಸಬೇಕಾದರೆ ಮುಚ್ಚಳ ಬಿಚ್ಚಿ ಆ ಚಿಪ್ಪನ್ನೇ ಕಿತ್ತು ಬೇರೆಯದನ್ನು ಕೂರಿಸಬೇಕು. ಹಳೆಯ ಯಂತ್ರಗಳ ಹುಚ್ಚು ಹಿಡಿದ ಕೆಲವರು ಇವತ್ತಿಗೂ ಅವಕ್ಕೆ ಹೊಸ ಸಿಸ್ಟಂ ಬರೆಯುತ್ತಾರಂತೆ. ಅಂಥವರಿಂದ ಮೈದುನ ಒಂದು ಚಿಪ್ ತರಿಸಿಕೊಂಡಿದ್ದ. ಅದನ್ನು ಹಾಕಿದರೆ ದೊಡ್ಡಪ್ಪ ಉಗುರಿನಷ್ಟಗಲದ ಮೆಮೊರಿ ಕಾರ್ಡ್ ಓದುತ್ತಾನೆ, ನಾಟಕದ ಎಲ್ಲ ದೃಶ್ಯಗಳನ್ನೂ ಶುರುವಿನಲ್ಲೇ ನುಂಗಿಕೊಂಡು ಕೂರುತ್ತಾನೆ, ಕೀಲಿ ಒತ್ತಿದ ಕ್ಷಣ ದೀಪ ಹತ್ತಿಸುತ್ತಾನೆ. ಫ್ಲಾಪಿಯ ಗೋಳೇ ಇಲ್ಲ.

ನಾನೇನು ಕುಣಿದುಕೊಂಡು ಒಪ್ಪಲಿಲ್ಲ. ನನ್ನ ಪ್ರೋಗ್ರಾಂ ಹಳೆಯ ಸಿಸ್ಟಂನ ಸೆಡವು, ಸಿಟ್ಟುಗಳನ್ನೆಲ್ಲ ತಿಳಿದು ಬರೆದದ್ದು. ಎಲ್ಲಿ ಮುಗ್ಗರಿಸುತ್ತದೆ, ಎಲ್ಲಿ ಸುಮ್ಮನೆ ಕೂರುತ್ತದೆ ಎಂದು ನನಗೆ ಗೊತ್ತು. ಹೊಸದರ ಕಾಯಿಲೆಗಳು ಏನೇನೋ, ಯಾರಿಗೆ ಗೊತ್ತು. ಅದನ್ನೇ ಹೇಳಿದೆ. ಮೈದುನ ನಕ್ಕು, "ಅತ್ತಿಗೆ, ಗೊತ್ತಿರೋ ಕಾಯಿಲೆ ಅಂತ ಯಾರಾದ್ರೂ ಸಾಕ್ಕೊಂಡಿರ್ತಾರಾ?" ಎಂದ. ಕೇಳಿ ಮೈ ಉರಿಯಿತು, ಆದರೆ ಅವನು ಹೇಳಿದ್ದು ಸರಿಯಿತ್ತು. ಫ್ಲಾಪಿ ಒಂದು ದಿನ ಸಾಯುವುದು ಖಂಡಿತ, ಹೊಸ ಸಿಸ್ಟಂ ಕೈಕೊಡುವುದು ಬರೀ ಅನುಮಾನ. ಖಂಡಿತವಾದದ್ದಕ್ಕೂ ಅನುಮಾನಕ್ಕೂ ನಡುವೆ ಆರಿಸುವುದು ಕಷ್ಟವಲ್ಲ.

ನನ್ನ ಗಂಡ ನಿನ್ನಿಷ್ಟ ಎಂದರು. ತಕರಾರು ತೆಗೆದದ್ದು ಅತ್ತೆ ಒಬ್ಬರೇ. ಅದೂ ದೊಡ್ಡ ತಕರಾರೇನಲ್ಲ. ಚೆನ್ನಾಗೇ ನಡೆಯುತ್ತಿದೆಯಲ್ಲ, ಯಾಕೆ ಮುಟ್ಟುತ್ತೀರಿ ಎಂದು ಎರಡು ಮೂರು ಸಲ, ಬೇರೇನೋ ಕೆಲಸ ಮಾಡುತ್ತಾ, ನಮ್ಮ ಕಡೆ ನೋಡದೆ ಹೇಳಿದರು. ಅತ್ತೆಗೆ ಹೊಸ ಬಾಗಿಲಚಿಲಕ ಹಾಕಿಸಿದರೂ ಆಗಿಬರುವುದಿಲ್ಲ, ಹಾಗಾಗಿ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಫ್ಲಾಪಿ ಓದದೆ ಹೋದ ದಿನ ಕತ್ತಲಲ್ಲಿ ಸಿಕ್ಕಿಕೊಂಡವರು ನೀವೇ ಅಲ್ಲವಾ ಎಂದು ಕೇಳಿದೆ.

ಅಡಿಗೆಮನೆಯ ಮೇಜಿನ ಮೇಲೆ ಬಟ್ಟೆ ಹಾಸಿ ದೊಡ್ಡಪ್ಪನನ್ನು ಬೋರಲು ಮಲಗಿಸಿದೆವು. ಮೈದುನ ಹಳೆಯ ಚಿಪ್ಪನ್ನು ಹಗುರಾಗಿ ಎಬ್ಬಿಸಿ ಸ್ಪಂಜಿನಲ್ಲಿ ಚುಚ್ಚಿಟ್ಟ. ಹೊಸದನ್ನು ಕೂರಿಸಿದ್ದು ನಾನು. ಅದರ ಕಾಲೊಂದು ಸೊಟ್ಟಗಿತ್ತು, ಉಗುರಿನಿಂದ ನೆಟ್ಟಗೆ ಮಾಡಿ ಒತ್ತಿದೆ. ಟಿವಿ ಹಚ್ಚಿದರೆ ಪರದೆಯಲ್ಲಿ ಹೊಸ ಸಿಸ್ಟಂನ ಸಾಲು ಕಾಣಿಸಿತು. ಪ್ರೋಗ್ರಾಂನಲ್ಲಿ ಅಲ್ಲಲ್ಲಿ ತಿದ್ದಿದೆ, ದೃಶ್ಯಗಳನ್ನೆಲ್ಲ ಕಾರ್ಡಿಗೆ ಇಳಿಸಿದೆ. ಹಿಂದೆ ಮುಂದೆ ಮಾಡಿ, ಬೇಕೆಂದೇ ತಪ್ಪು ಕೀಲಿ ಒತ್ತಿ, ಓಡುತ್ತಿರುವಾಗಲೇ ಕರೆಂಟು ತೆಗೆದು, ಎಲ್ಲ ಥರದಲ್ಲೂ ಕಾಡಿಸಿದೆ. ಎಲ್ಲಿಯೂ ಬಗ್ಗಲಿಲ್ಲ. ಡ್ರೈವನ್ನು ಕಿತ್ತಿಡಲಾ ಎಂದು ಮೈದುನ ಕೇಳಿದ. ಟೇಬಲ್ಲಿನ ಮೇಲೆ ಅದಿಲ್ಲದಿದ್ದರೆ ಬೋಳಾಗಿ ಕಾಣುತ್ತದೆ, ಇರಲಿ ಎಂದೆ.

ರಿಹರ್ಸಲ್ಲಿನ ಸಂಜೆ ನನಗೆ ಬಲು ಹುಮ್ಮಸ್ಸು. ಮೊದಲನೇ ದೃಶ್ಯ ಮುಗಿಯಿತು, ಅತ್ತೆ ಹಿಂದಿನ ಬಾಗಿಲಿನಿಂದ ಒಳಗೆ ಹೋದರು, ಪೂರ್ತಿ ಕತ್ತಲು ಮಾಡಿದೆ. ಈಗ ಎಷ್ಟು ಹೊತ್ತು ಕಾಯಬೇಕೆಂಬುದು ನನ್ನ ಬೆರಳಿನಲ್ಲಿತ್ತು. ಮೊದಲಿಗಿಂತ ಸ್ವಲ್ಪ ಹೆಚ್ಚೇ ಕಾದೆ, ಅವಸರ ಮಾಡಿದಳು ಎಂಬ ಮಾತು ಬರಬಾರದು ನೋಡಿ. ಎಂದೂ ಇಲ್ಲದ ನಿಶ್ಶಬ್ದ. ಅದನ್ನು ಗಮನಿಸಿ ಖುಷಿಯನ್ನೂ ಪಟ್ಟೆ. ಆಮೇಲೆ ಕೀಲಿ ಒತ್ತಿದೆ.

ಕುರ್ಚಿ ಖಾಲಿಯಿತ್ತು. ಅತ್ತೆ ರಂಗದ ನಟ್ಟನಡುವೆ, ಮುಂದಿನ ಅಂಚಿನಲ್ಲಿ ನಿಂತಿದ್ದರು. ಒಂದು ಪಾದದ ಬೆರಳುಗಳು ಹಲಗೆಯಿಂದ ಆಚೆಗಿದ್ದವು, ಒಂದು ಕೈ ಮುಂದಕ್ಕೆ ಚಾಚಿತ್ತು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಮೊದಲ ಸಾಲಿನ ಕುರ್ಚಿಗಳ ಮೇಲೆ ಬೀಳುತ್ತಿದ್ದರು. ಅವರೋ, ಚಾಚಿದ ಕೈಯನ್ನು ಹಾಗೇ ಹಣೆಗೆ ತಂದು, ಬೀದಿಯ ತುದಿಯನ್ನು ನೋಡುವವರಂತೆ ಕಣ್ಣು ಕಿರಿದು ಮಾಡಿ, "ಇವತ್ತೂ ಯಾರೂ ಬರಲಿಲ್ಲ" ಎಂದರು. ಅದು ಆ ದೃಶ್ಯದ ಮೊದಲ ಮಾತು. ಹೊರಗಿನವರು ನೋಡಿದ್ದರೆ ಇದೇ ಸರಿಯಾದ ಜಾಗ ಎಂದುಕೊಳ್ಳುತ್ತಿದ್ದರು. ಮಗ ಹೊರಗಿನವರಲ್ಲವಲ್ಲ. ನನ್ನ ಗಂಡ ಪರದೆಯ ಹಿಂದಿನಿಂದ ಬಂದು ಅವರ ತೋಳು ಹಿಡಿದು ಹಿಂದಕ್ಕೆ ಕರೆದುಕೊಂಡರು. "ಅಮ್ಮ" ಎಂದಷ್ಟೇ ಅಂದರು.

ಅತ್ತೆ ವಾದಿಸಲಿಲ್ಲ. ಪಾತ್ರದ ಶಾಲನ್ನು ಹೆಗಲಿನಿಂದ ತೆಗೆದು ಮಡಚಿದರು. ಅವರು ಅದನ್ನು ಅಂಚಿಗೆ ಅಂಚು ಸೇರಿಸಿ ಮಡಚುತ್ತಿದ್ದುದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ನಿಲ್ಲಿ," ಎಂದೆ. "ತಪ್ಪು ನಂದು. ಕೀಲಿ ಬೇಗ ಒತ್ತಿಬಿಟ್ಟೆ. ಅತ್ತೆ ಇನ್ನೂ ಬರ್ತಾ ಇದ್ರು."

ನನ್ನ ಗಂಡ ನನ್ನತ್ತ ತಿರುಗಿ ನೋಡಿದರು. ಮದುವೆಯಾದಂದಿನಿಂದ ನನ್ನ ಬಾಯಲ್ಲಿ ಅವರು ಕೇಳದ ಮಾತು ಅದು. ಹಾಲು ಉಕ್ಕಿಸಿದರೂ ಒಲೆಯ ತಪ್ಪು ಎನ್ನುವವಳು ನಾನು. ಇಂಥವಳು ತಪ್ಪು ಒಪ್ಪಿಕೊಂಡಳೆಂದರೆ ಅದು ನಿಜವೇ ಇರಬೇಕು ಎಂದುಕೊಂಡರೋ ಏನೋ, ಹಾಗಾದರೆ ಇವತ್ತಿನದು ಲೆಕ್ಕಕ್ಕಿಲ್ಲ ಎಂದು ರಿಹರ್ಸಲ್ ಅಲ್ಲಿಗೇ ನಿಲ್ಲಿಸಿದರು.

ಅತ್ತೆ ಬಣ್ಣದ ಕೋಣೆಗೆ ಹೋದರು, ನಾನೂ ಹಿಂದೆಯೇ ಹೋಗಿ ಬಾಗಿಲು ಹಾಕಿಕೊಂಡೆ. ಕನ್ನಡಿಯ ಸುತ್ತಲಿನ ಬಲ್ಬುಗಳೆಲ್ಲ ಉರಿಯುತ್ತಿದ್ದವು. ಅವರು ಕನ್ನಡಿಯಲ್ಲೇ ನನ್ನನ್ನು ನೋಡಿ, ಸುಳ್ಳು ಯಾಕೆ ಹೇಳಿದೆ ಎಂದು ಕೇಳಿದರು. ನೀವು ಯಾಕೆ ಅಲ್ಲಿಗೆ ಹೋದಿರಿ, ಅದನ್ನು ಮೊದಲು ಹೇಳಿ ಎಂದೆ. ಅವರು ಬಾಚಣಿಗೆಯಲ್ಲಿ ಸಿಕ್ಕಿದ್ದ ಕೂದಲು ಬಿಡಿಸುತ್ತಾ ಹೇಳಿದರು.

"ನಿನ್ನ ದೊಡ್ಡಪ್ಪ ಇವತ್ತು ಬಾಯೇ ಬಿಡಲಿಲ್ಲ."

ನನಗೆ ಒಮ್ಮೆಲೇ ಎಲ್ಲ ಹೊಳೆಯಿತು. ಇಷ್ಟು ವರ್ಷ ಅವರನ್ನು ನಡೆಸಿದ್ದು ಅಭ್ಯಾಸವೂ ಅಲ್ಲ, ಬಲವೂ ಅಲ್ಲ. ಅತ್ತೆ ಆ ಸದ್ದನ್ನು ಹಿಡಿದುಕೊಂಡು ನಡೆಯುತ್ತಿದ್ದರು. ಬಾಗಿಲಿನಲ್ಲಿ ನಿಂತು ದೊಡ್ಡಪ್ಪ ಗಂಟಲು ಸರಿಮಾಡಿಕೊಳ್ಳುವುದನ್ನು ಕಾಯುವುದು, ಸದ್ದು ಬಂದ ದಿಕ್ಕಿಗೆ ಮುಖ ಮಾಡುವುದು, ಎರಡೂ ಕಿವಿಗೆ ಅದು ಒಂದೇ ಸಮ ಕೇಳುವ ಹಾಗೆ ನೆಟ್ಟಗೆ ಬರುವುದು. ಮೇಜು ಸ್ಟೂಲುಗಳು ಆ ದಾರಿಗೆ ಅಡ್ಡವಿಲ್ಲದಂತೆ ಇರಲಿ ಎಂದು ಅವರೇ ಹಿಂದೊಮ್ಮೆ ಹಟ ಮಾಡಿ ಜರುಗಿಸಿದ್ದರು. ಸದ್ದು ಕಾಲಿನ ಕೆಳಗಿನಿಂದ ಬಂದ ಹಾಗೆ ಕೇಳಿದರೆ ಕುರ್ಚಿ ಬಂತೆಂದು ಅರ್ಥ, ಕೈ ಇಳಿಬಿಟ್ಟರೆ ಅದರ ತೋಳು ಸಿಗುತ್ತದೆ. ಇದನ್ನೆಲ್ಲ ಅವರು ಅಡಿಗೆಯ ವಿವರ ಹೇಳುವಷ್ಟು ತಣ್ಣಗೆ ಹೇಳಿದರು.

ನಾನು ಕೆಂಡಾಮಂಡಲವಾದೆ. ಮೊದಲೇ ಯಾಕೆ ಬಾಯಿ ಬಿಡಲಿಲ್ಲ, ಚಿಪ್ ಬದಲಾಯಿಸುವಾಗ ಎದುರಿಗೇ ಕೂತು ಬಟಾಣಿ ಬಿಡಿಸುತ್ತಿದ್ದಿರಲ್ಲ, ಆಗಲಾದರೂ ಹೇಳಬಾರದಿತ್ತಾ, ಬಿದ್ದಿದ್ದರೆ ಏನು ಗತಿ ಎಂದೆಲ್ಲ ಕೂಗಾಡಿದೆ. ಕೂಗಾಡುತ್ತಲೇ ಅಳುವೂ ಬಂತು. ಅತ್ತೆ ನನ್ನ ಅಬ್ಬರ ಮುಗಿಯುವವರೆಗೆ ಕಾದರು. ಹೇಳಿದರೆ ಮಗ ಅಂದೇ ಬಿಡಿಸುತ್ತಿದ್ದ ಎಂದರು. ಅದೂ ಅಲ್ಲದೆ ನೀನು ಅಷ್ಟು ಖುಷಿಯಲ್ಲಿದ್ದೆ, ನನಗೂ ಒಂದು ಕೊಬ್ಬು, ಇಷ್ಟು ವರ್ಷದ ಮೇಲೆ ಸದ್ದಿಲ್ಲದೆಯೂ ಬಂದೇನು ಎಂದುಕೊಂಡೆ ಎಂದರು. ಆಮೇಲೆ, ಹಳೆಯ ಚಿಪ್ಪನ್ನೇ ಹಾಕಿಬಿಡು ಎಂದು ಕೇಳಿಕೊಂಡರು.

ಅದು ಸುಲಭದ ದಾರಿ. ಸ್ಪಂಜಿನಿಂದ ತೆಗೆದು ಒತ್ತಿದರಾಯಿತು. ಆದರೆ ನಾನು ಸುತರಾಂ ಒಪ್ಪಲಿಲ್ಲ. ಫ್ಲಾಪಿಗಳ ಆಯಸ್ಸು ಮುಗಿದಿದೆ. ಹಳೆಯದಕ್ಕೆ ಮರಳಿದರೆ, ಇಂದಲ್ಲ ನಾಳೆ ಸದ್ದು ನಡುದಾರಿಯಲ್ಲಿ ಹುಚ್ಚು ಹಿಡಿದು ನಿಲ್ಲುತ್ತದೆ, ದೀಪವೂ ಹತ್ತುವುದಿಲ್ಲ, ತುಂಬಿದ ಸಭೆಯ ಮುಂದೆ ಅತ್ತೆ ಏನೂ ಕಾಣದೆ ನಿಂತಿರುತ್ತಾರೆ. ಹೊಸದನ್ನು ಇದ್ದ ಹಾಗೇ ಇಟ್ಟುಕೊಂಡರೆ ಅವರು ಹಲಗೆಯ ಅಂಚಿಗೆ ಹೋಗುತ್ತಾರೆ. ಮೂರನೆಯದೊಂದಿತ್ತು: ಗಂಡನಿಗೆ ನಿಜ ಹೇಳಿ ಕೈತೊಳೆದುಕೊಳ್ಳುವುದು. ಅದನ್ನೂ ಯೋಚಿಸಿದೆ. ಕಾಣದ ಕಣ್ಣಿನ ಹೆಂಗಸನ್ನು ಕತ್ತಲಲ್ಲಿ ನಡೆಸುವುದಕ್ಕೆ ನಾನು ಸಹಾಯ ಮಾಡಬಹುದೇ ಎಂದು ನನ್ನನ್ನೇ ಕೇಳಿಕೊಂಡೆ. ಇಷ್ಟು ವರ್ಷ ಅವರು ಒಂದು ಸಲವೂ ತಪ್ಪಿಲ್ಲ. ತಪ್ಪಿದ್ದು ದಾರಿಯನ್ನು ನಾನು ಕಿತ್ತುಕೊಂಡ ದಿನ. ಅಂದಮೇಲೆ ಅದನ್ನು ಹಿಂದಕ್ಕೆ ಕೊಡುವುದೇ ನ್ಯಾಯ ಅನ್ನಿಸಿತು. ಹೊಸ ಚಿಪ್ ಇರುತ್ತದೆ, ದೊಡ್ಡಪ್ಪ ಬಾಯಿಯನ್ನೂ ಬಿಡುತ್ತಾನೆ ಎಂದೆ. ಅದು ಹೇಗೆ ಎಂದು ಅತ್ತೆ ಕೇಳಿದರು. ನನಗೂ ಇನ್ನೂ ಗೊತ್ತಿರಲಿಲ್ಲ, ಆದರೆ ಆ ವಿಷಯ ಅವರಿಗೆ ತಿಳಿಯಬೇಕಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಗಂಡ ಮರ ತರಲು ಹೋದಾಗ ನಾವಿಬ್ಬರೂ ನಾಟಕಶಾಲೆಗೆ ಹೋದೆವು. ಡ್ರೈವಿಗೆ ಒಂದು ಖಾಲಿ ಫ್ಲಾಪಿ ಹಾಕಿದೆ. ದೀಪ ಹತ್ತಿಸುವ ಮುಂಚೆ, ಈ ಫ್ಲಾಪಿಯಲ್ಲಿ ಏನೇನಿದೆ ನೋಡಿ ಹೇಳು ಎಂದು ದೊಡ್ಡಪ್ಪನನ್ನು ಕೇಳುವ ಸಾಲನ್ನು ಪ್ರೋಗ್ರಾಂಗೆ ಸೇರಿಸಿದೆ. ಅವನು ಪಾಪ ಶ್ರದ್ಧೆಯಿಂದ ಹುಡುಕಬೇಕು, ಗಂಟಲು ಸರಿಮಾಡಿಕೊಳ್ಳಬೇಕು. ಅವನು ಹೇಳುವ ಉತ್ತರ ಮಾತ್ರ ಯಾರಿಗೂ ಬೇಡ. ಫ್ಲಾಪಿ ಕೆಟ್ಟು ಓದಲಾಗದೆ ಹೋದರೆ ತಲೆ ಕೆಡಿಸಿಕೊಳ್ಳದೆ ಮುಂದಕ್ಕೆ ಹೋಗು ಎಂದೂ ಬರೆದೆ. ಬೆಳಕು ಹೇಗೂ ಕಾರ್ಡಿನಿಂದ ಬರುತ್ತದೆ. ಒತ್ತಿ ನೋಡಿದರೆ ಟಕ್ ಎಂದು ಒಂದೇ ಸದ್ದು, ಮುಗಿಯಿತು. ಖಾಲಿ ಫ್ಲಾಪಿಯಲ್ಲಿ ನೋಡುವುದಕ್ಕೆ ಏನಿದೆ? ಅದನ್ನು ತುಂಬಿಸಬೇಕಿತ್ತು. ಸಾಲಾಗಿ ಪುಟ್ಟ ಪುಟ್ಟ ಫೈಲುಗಳನ್ನು ಮಾಡತೊಡಗಿದೆ. ಪ್ರತಿಯೊಂದಕ್ಕೂ ಒಂದು ಹೆಸರು ಕೊಡಲೇಬೇಕು. ನನಗೆ ಹೊಳೆದ ತರಕಾರಿಗಳ ಹೆಸರೆಲ್ಲ ಮುಗಿದ ಮೇಲೆ ಅತ್ತೆಯನ್ನು ಕೇಳಿದೆ. ಅವರು ಸ್ಟೂಲಿನ ಮೇಲೆ ಕೂತು, ನಾಟಕ ನೋಡಲು ಬರುತ್ತೇನೆಂದು ಹೇಳಿ ಬಾರದೆ ಹೋದ ನೆಂಟರ ಹೆಸರುಗಳನ್ನು ಒಂದೊಂದಾಗಿ ಹೇಳಿದರು. ಫ್ಲಾಪಿ ಬೇಗನೆ ತುಂಬಿತು.

ಆಮೇಲೆ ಬಾಗಿಲು ಕಿಟಕಿ ಮುಚ್ಚಿ ಕತ್ತಲು ಮಾಡಿದೆವು. ಅತ್ತೆ ಹಿಂದಿನ ಬಾಗಿಲಿನಲ್ಲಿ ನಿಂತರು, ನಾನು ಕೀಲಿ ಒತ್ತಿದೆ. ಕರ್ರ್, ಕರ್ರ್. ನನಗೇನೂ ಕಾಣುತ್ತಿರಲಿಲ್ಲ. ಹಲಗೆಯ ಮೇಲೆ ಅವರ ಪಾದ ಬರುವುದು ಮಾತ್ರ ಕೇಳುತ್ತಿತ್ತು. ಟಕ್ ಎಂದಿತು, ದೀಪ ಹತ್ತಿತು. ಅತ್ತೆ ಕುರ್ಚಿಯಲ್ಲಿ ಕೂತು ಶಾಲಿನ ಮಡಿಕೆ ಸರಿಮಾಡಿಕೊಳ್ಳುತ್ತಿದ್ದರು. ನಾನು ಚಪ್ಪಾಳೆ ತಟ್ಟಿದೆ. ಅವರು ನನ್ನನ್ನು ದುರುಗುಟ್ಟಿ ನೋಡಿ, ಇನ್ನೊಂದು ಸಲ ಎಂದು ಎದ್ದು ಹಿಂದಕ್ಕೆ ಹೋದರು. ಮಧ್ಯಾಹ್ನದವರೆಗೆ ಅದೇ ಕೆಲಸ ಮಾಡಿದೆವು. ಪ್ರತಿ ಸಲವೂ ಅವರು ಕುರ್ಚಿಯಲ್ಲಿದ್ದರು.

ನಾಟಕದ ದಿನ ಕುರ್ಚಿಗಳು ತುಂಬಿ, ಕೆಲವರು ಗೋಡೆಗೊರಗಿ ನಿಂತರು. ಎರಡನೇ ದೃಶ್ಯಕ್ಕೆ ಕತ್ತಲು ಮಾಡಿದಾಗ ಪರದೆಯ ಹಿಂದೆ ನನ್ನ ಗಂಡ ನಿಂತದ್ದು ನನಗೆ ಗೊತ್ತಿತ್ತು. ದೊಡ್ಡಪ್ಪ ನೆಂಟರ ಪಟ್ಟಿಯನ್ನು ಶುರು ಮಾಡಿದ. ದೀಪ ಹತ್ತಿತು, ಮುದುಕಿ ತನ್ನ ಕುರ್ಚಿಯಲ್ಲಿ ಕೂತು ಬೀದಿಯ ಕಡೆ ನೋಡಿ, "ಇವತ್ತೂ ಯಾರೂ ಬರಲಿಲ್ಲ" ಎಂದಳು. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು.

ಮಧ್ಯಂತರದಲ್ಲಿ ಮೈದುನ ಅರ್ಧ ಮೀಸೆಯಲ್ಲೇ ನನ್ನ ಟೇಬಲ್ಲಿಗೆ ಬಂದ. ಕಾರ್ಡ್ ಹಾಕಿದ ಮೇಲೂ ಡ್ರೈವ್ ಯಾಕೆ ತಿರುಗುತ್ತಿದೆ ಎಂಬುದು ಅವನ ತಲೆಬಿಸಿ. ನೀನು ತಂದ ಸಿಸ್ಟಂಗೆ ಅದಿಲ್ಲದೆ ಆಗುವುದಿಲ್ಲವಂತೆ, ಎಷ್ಟು ಹೆಣಗಿದರೂ ನನ್ನ ಕೈಲಾಗಲಿಲ್ಲ ಎಂದೆ. ಅವನು ಅದು ಸಾಧ್ಯವೇ ಇಲ್ಲ ಎನ್ನಲು ಬಾಯಿ ತೆರೆದ. ಡ್ರೈವಿನ ಕಡೆ ನೋಡಿದ. ಅದರ ನೇರಕ್ಕೆ ಮೇಲಿದ್ದ ಕುರ್ಚಿಯನ್ನು, ಹಿಂದಿನ ಬಾಗಿಲನ್ನು ನೋಡಿದ. ಆಮೇಲೆ ಬಾಯಿ ಮುಚ್ಚಿಕೊಂಡು ಮೀಸೆಯ ಇನ್ನೊಂದು ಅರ್ಧ ಅಂಟಿಸಿಕೊಳ್ಳಲು ಹೋದ. ನಾಟಕ ಮುಗಿದ ಮೇಲೆ ನನ್ನ ಗಂಡ ಅದನ್ನೇ ಕೇಳಿದಾಗ, ಹೌದಣ್ಣ, ಈ ಹೊಸ ಸಿಸ್ಟಂಗೆ ಅದೊಂದು ರೋಗ ಇದೆ, ವಾಸಿಯಾಗಲ್ಲ ಎಂದು ಅವನೇ ಉತ್ತರ ಕೊಟ್ಟ. ಅಷ್ಟು ಆಸೆಪಟ್ಟು ತರಿಸಿದ್ದಕ್ಕೆ ತಾನೇ ಕಳಂಕ ಹಚ್ಚಬೇಕಾಯಿತಲ್ಲ ಎಂದು ನನಗೆ ಅವನ ಮೇಲೆ ಅಕ್ಕರೆ ಬಂತು.

ಜನರೆಲ್ಲ ಹೋದರು. ನನ್ನ ಗಂಡ ಬಾಗಿಲಲ್ಲಿ ನಿಂತು ಕೊನೆಯವರ ಜೊತೆ ಮಾತಾಡುತ್ತಿದ್ದರು, ನಗು ಕೇಳುತ್ತಿತ್ತು. ನಾನು ಒಂದು ಲೋಟ ಚಹಾ ಹಿಡಿದು ಬಣ್ಣದ ಕೋಣೆಗೆ ಹೋದೆ. ಅತ್ತೆ ಮುಖದ ಬಣ್ಣ ಒರೆಸುತ್ತಿದ್ದರು. ಹೇಗಿತ್ತು ನನ್ನ ಕೆಲಸ ಎಂದು ಕೇಳಿದೆ, ಹೊಗಳಿಸಿಕೊಳ್ಳಲೆಂದೇ ಹೋಗಿದ್ದೆ. ಅವರು ಲೋಟ ಇಸಿದುಕೊಂಡು ಪಕ್ಕಕ್ಕಿಟ್ಟರು.

"ನಾಲ್ಕನೇ ದೃಶ್ಯಕ್ಕೆ ಆ ಸದ್ದು ಇನ್ನೊಂದು ಚೂರು ಉದ್ದ ಮಾಡು," ಎಂದರು. "ಅದೊಂದಕ್ಕೆ ಸೆಟ್ಟಿನ ಮೆಟ್ಟಿಲು ಇಳಿದು ಬರಬೇಕು ನೋಡು. ಕಾಲೂ ಮೊದಲಿನ ಹಾಗಿಲ್ಲ."

ಮಾಡುತ್ತೇನೆ, ಅದೇನು ಮಹಾ, ಎಷ್ಟು ಬೇಕಾದರೂ ಉದ್ದ ಮಾಡುತ್ತೇನೆ ಎಂದೆ. ಹೊರಡಲು ತಿರುಗಿದಾಗ ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಒಂದು ಕೆನ್ನೆಯಲ್ಲಿ ಇನ್ನೂ ಮುದುಕಿಯ ಸುಕ್ಕುಗಳಿದ್ದವು, ಇನ್ನೊಂದರಲ್ಲಿ ಅವರವೇ.

"ಒಂದಿನ ಎಷ್ಟು ಉದ್ದ ಮಾಡಿದ್ರೂ ಸಾಲಲ್ಲ. ಅವತ್ತು ನಂಗೆ ಗೊತ್ತಾಗಲ್ಲ, ನಿಂಗೆ ಗೊತ್ತಾಗುತ್ತೆ. ಇನ್ನು ಸಾಕು ಅಂತ ನೀನೇ ಬಂದು ಹೇಳು. ನಿನ್ನ ಗಂಡನ ಬಾಯಲ್ಲಿ ಬೇಡ."

ಹೇಳುತ್ತೇನೆ ಎಂದೆ. ಅಷ್ಟು ಸಣ್ಣ ದನಿಯಲ್ಲಿ ಮಾತಾಡಿ ನನಗೆ ಅಭ್ಯಾಸವಿರಲಿಲ್ಲ, ಅವರಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಹೇಳಿದೆ. ಅವರು ಕೈ ಬಿಟ್ಟು ಚಹಾದ ಲೋಟ ತೆಗೆದುಕೊಂಡರು.